ಕುರಿ ಬಿಡಿಸಿದ್ದು

ಅವತ್ತು ನಮ್ಮ ಯಾವ ಕುರಿಯ ಕಾಲೂ ಮುರಿದಿರಲಿಲ್ಲ. ಯಾರೂ ನಮ್ಮ ಕುರಿಯನ್ನು ಹಿಡಿದು ದೊಡ್ಡಿಗೆ ಹಾಕಿರಲಿಲ್ಲ. ನಾನು ಅತ್ತಿರಲೂ ಇಲ್ಲ. ಈ ಮೂರು ಸುದ್ದಿಗಳು ಜಡೆ ಊರಿನಲ್ಲಿ ಹುಟ್ಟಿ, ಸೊರಬಕ್ಕೆ ಹೋಗಿ, ಶಿಕಾರಿಪುರ ಮುಟ್ಟುವಷ್ಟರಲ್ಲಿ ನಾಲ್ಕಾಗಿದ್ದವಂತೆ. ನಾಲ್ಕನೆಯದು ಏನೆಂದು ಕೇಳಿದರೆ ಯಾರೂ ಹೇಳುವುದಿಲ್ಲ, ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋಗುತ್ತಾರೆ. ಮೊಮ್ಮಕ್ಕಳು ನೀವು ಐದು ಜನರಿಗಾದರೂ ನಿಜ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಹಾಕಿದರೆ ನಿಮ್ಮ ಜಡೆಯ ಅಜ್ಜಿ ಈ ಹಾಳೆ ಹಿಡಿದುಕೊಂಡೇ ಬಸ್ಸು ಹತ್ತಿ ಬರುತ್ತಾಳೆ.

ಶುರುವಾದದ್ದು ಶಿಕಾರಿಪುರದಲ್ಲಿ, ನನ್ನ ಮಗಳ ಮನೆಯಲ್ಲಿ. ಅಲ್ಲಿಯ ಮೊಮ್ಮಗಳು, ನಿಮ್ಮ ಐವರಲ್ಲಿ ನಡುವಿನವಳು, ಆಗ ಐದನೇ ಕ್ಲಾಸು. ನಾನು ಹೋದಾಗ ಅವಳು ಮಂಚದ ಕೆಳಗೆ ಕೂತಿದ್ದಳು. ಚಿತ್ರದ ಪುಸ್ತಕ ಹಳೇ ಪೇಪರಿನ ಕಟ್ಟಿಗೆ ಸೇರಿತ್ತು. ಶಾಲೆಯಲ್ಲಿ ಆನೆ ಬಿಡಿಸಲು ಹೇಳಿದ್ದರಂತೆ. ಇವಳು ಬಿಡಿಸಿದ ಆನೆಯನ್ನು ನೋಡಿ ಪಕ್ಕದ ಹುಡುಗಿ "ಕುಕ್ಕರ್ ಚೆನ್ನಾಗಿದೆ" ಅಂದಳಂತೆ. ಆಮೇಲೆ ಇಡೀ ಬೆಂಚು "ಎಷ್ಟು ಸೀಟಿ ಆಯ್ತು" ಎಂದು ಎರಡು ದಿನ ಕೇಳಿತಂತೆ.

"ನನ್ ಕೈಗೆ ಬರಲ್ಲ ಅಜ್ಜಿ," ಅಂದಳು ಮಂಚದ ಕೆಳಗಿನಿಂದ. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ. ನಂಗೆ ಬರಲ್ಲ. ಇನ್ಮೇಲೆ ನಾನು ಬಿಡಿಸಲ್ಲ."

ಅವಳಮ್ಮ ಅಡಿಗೆಮನೆಯಿಂದ, "ಬಿಡವ್ವ, ಚಿತ್ರ ಬರದಿದ್ರೆ ಏನ್ ಹೋಯ್ತು, ಲೆಕ್ಕ ಬಂದ್ರೆ ಸಾಕು," ಅಂದಳು. ಅವಳು ಹೇಳಿದ್ದು ಸರಿಯೇ. ಆದರೆ ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಯಾಕೆಂದರೆ ನಾನು ಹಾಗೆಯೇ ಬೆಳೆದವಳು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಏಳು ವರ್ಷ ಒಂದು ಪ್ರಶ್ನೆಗೂ ಬಾಯಿ ಬಿಟ್ಟು ಉತ್ತರ ಹೇಳಲಿಲ್ಲ. ಉತ್ತರ ಗೊತ್ತಿರುತ್ತಿತ್ತು. ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂದು ನುಂಗಿಕೊಳ್ಳುತ್ತಿದ್ದೆ. ಹಾಜರಿ ಕರೆಯುವಾಗ ನನ್ನ ಪರವಾಗಿ ಪಕ್ಕದವಳೇ "ಹಾಜರ್ ಸಾ" ಅನ್ನುತ್ತಿದ್ದಳು. ಅವಳಿಗೆ ಜ್ವರ ಬಂದು ಮನೆಯಲ್ಲಿ ಉಳಿದ ದಿನ ನನಗೂ ಗೈರುಹಾಜರಿ ಬೀಳುತ್ತಿತ್ತು. ಹೀಗೆ ಒಮ್ಮೆ ನುಂಗಿಕೊಳ್ಳುವುದು ಅಭ್ಯಾಸವಾದರೆ ಆಮೇಲೆ ಜೀವನವಿಡೀ ನುಂಗುತ್ತಲೇ ಇರಬೇಕಾಗುತ್ತದೆ. ಈ ಹುಡುಗಿಗೆ ಅದು ಹತ್ತನೇ ವರ್ಷಕ್ಕೇ ಬೇಡ ಅನ್ನಿಸಿತು. ಯೋಚನೆ ಮಾಡದೆ ಮಾತು ಬಂದುಬಿಟ್ಟಿತು.

"ನಾನೂ ಬಿಡಿಸ್ತೀನಿ. ನೀನೂ ಬಿಡಿಸು."

ಮಂಚದ ಕೆಳಗಿನಿಂದ ಒಂದು ಕಣ್ಣು ಕಂಡಿತು. "ನಿಂಗೆ ಬರುತ್ತಾ?"

"ಇಲ್ಲ."

"ರಂಗೋಲಿ ಹಾಕ್ತೀಯಲ್ಲ."

"ರಂಗೋಲಿಗೆ ಚುಕ್ಕಿ ಇರುತ್ತೆ. ಚೊಂಬಿಗೆ ಚುಕ್ಕಿ ಎಲ್ಲಿರುತ್ತೆ?"

ಇದು ಅವಳಿಗೆ ಸರಿ ಕಂಡಿತು. ಹೊರಗೆ ಬಂದಳು. ಎಷ್ಟು ದಿನ ಬಿಡಿಸಬೇಕು ಎಂದು ಮಾತಾಯಿತು. ನಾಟಿ ಔಷಧಿಯನ್ನು ಒಂದು ಮಂಡಲ ತೆಗೆದುಕೊಂಡರೇ ಹಿಡಿಯುವುದು, ಮಂಡಲ ಅಂದರೆ ನಲವತ್ತೆಂಟು ದಿನ ಎಂದು ನಾನು ಹೇಳಿದೆ. ಪಥ್ಯ ಇದೆಯಾ ಎಂದು ಕೇಳಿದಳು. ಇಲ್ಲ ಅಂದಮೇಲೆ ಒಪ್ಪಿದಳು. ಉಳಿದ ಕಟ್ಟಳೆಗಳನ್ನೆಲ್ಲ ಅವಳೇ ಮಾಡಿದಳು. ದಿನಕ್ಕೊಂದು ಚಿತ್ರ. ಚಿತ್ರ ಪೂರ್ತಿ ಆಗಿರಬೇಕು, ಅರ್ಧ ಬಿಡಿಸಿದರೆ ಬಿಡಿಸದ ಹಾಗೆಯೇ. ಸಂಜೆ ಏಳಕ್ಕೆ ಫೋನು ಮಾಡುತ್ತಾಳೆ, ಏನು ಬಿಡಿಸಿದೆ ಎಂದು ಹೇಳಬೇಕು. ನನ್ನದು ಗುಂಡಿ ಒತ್ತುವ ಫೋನಾದ್ದರಿಂದ ತೋರಿಸುವ ಮಾತಿಲ್ಲ.

"ಒಂದೇ ಒಂದು ದಿನ ನೀ ತಪ್ಪಿಸಿದ್ರೂ ನಾನು ಬಿಟ್ಟೆ. ಆಮೇಲೆ ಯಾವತ್ತೂ ನಂಗೆ ಚಿತ್ರ ಬಿಡಿಸು ಅನ್ನಂಗಿಲ್ಲ. ನೀನೂ ಅನ್ನಂಗಿಲ್ಲ, ಅಮ್ಮನೂ ಅನ್ನಂಗಿಲ್ಲ, ಮಿಸ್ಸೂ ಅನ್ನಂಗಿಲ್ಲ."

ನನ್ನದು ಒಂದೇ ಷರತ್ತು. ನನ್ನ ಚಿತ್ರವನ್ನು ಯಾರೂ ನೋಡಬಾರದು. ಅವಳು ತಕ್ಷಣ, "ನಂದನ್ನೂ," ಅಂದಳು.

ಒಂದು ಪುಸ್ತಕ, ಒಂದು ಪೆನ್ಸಿಲ್ಲು, ಹಣ್ಣಿನ ವಾಸನೆಯ ಒಂದು ರಬ್ಬರು ಕೊಟ್ಟು ಕಳಿಸಿದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಪರಿಚಯದವರೊಬ್ಬರು ನನ್ನ ಚೀಲ ಎತ್ತಿಕೊಡಲು ಬಂದರು. ಕದ್ದ ಮಾಲು ಇದೆಯೇನೋ ಎಂಬಂತೆ ಕಿತ್ತುಕೊಂಡೆ.

ನಮ್ಮೂರು ಹೊಸಬಾಳೆಯ ಹತ್ತಿರ ಎಂದು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ನಾನು, ಮಗ, ಸೊಸೆ, ಹಟ್ಟಿಯಲ್ಲಿ ಹನ್ನೊಂದು ಕುರಿ. ಮಗ ಬೆಳಿಗ್ಗೆ ಕುರಿ ಮೇಯಿಸಿಕೊಂಡು ಬಂದು ಮಧ್ಯಾಹ್ನ ಬೇರೆ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಊಟವಾದ ಮೇಲೆ ಹೊಲಿಗೆ ಕಲಿಯಲು ಹೋಗುತ್ತಾಳೆ. ಆ ಎರಡು ಗಂಟೆ ನನ್ನದು. ಪುಸ್ತಕವನ್ನು ಅಕ್ಕಿ ಡ್ರಮ್ಮಿನಲ್ಲಿ, ಅಕ್ಕಿಯ ಒಳಗೆ ಹೂತಿಡುತ್ತಿದ್ದೆ. ಅಕ್ಕಿ ಅಳೆಯುವುದು ನಾನೇ ಆದ್ದರಿಂದ ಅದು ಭದ್ರವಾದ ಜಾಗ ಎಂದು ತಿಳಿದಿದ್ದೆ.

ಮೊದಲನೆಯ ದಿನ ಚೊಂಬು ಬಿಡಿಸಿದೆ. ಯಾರೋ ಅದರ ಮೇಲೆ ಕೂತು ಎದ್ದು ಹೋದಂತೆ ಇತ್ತು. ಎರಡನೆಯ ದಿನ ಸೌಟು. ಅದು ಪರವಾಗಿಲ್ಲ. ಮೂರನೆಯ ದಿನ ಮೊಟ್ಟೆ, ನಾಲ್ಕನೆಯ ದಿನ ರೊಟ್ಟಿ, ಐದನೆಯ ದಿನ ಚಪಾತಿ. ಈ ಮೂರು ದಿನ ನನಗೆ ಚಿತ್ರಕಲೆ ಬಹಳ ಹಿಡಿಸಿತು. ಐದನೆಯ ಸಂಜೆ ಫೋನಿನಲ್ಲಿ ಅವಳು ಕೇಳಿದಳು:

"ಅಜ್ಜಿ, ರೊಟ್ಟಿಗೂ ಚಪಾತಿಗೂ ಏನು ವ್ಯತ್ಯಾಸ?"

"ಚಪಾತಿ ತೆಳ್ಳಗೆ ಇರುತ್ತೆ."

"ಚಿತ್ರದಲ್ಲಿ?"

ಅವತ್ತಿನಿಂದ ದುಂಡಗಿನ ವಸ್ತುಗಳಿಗೆ ನಿಷೇಧ ಬಿತ್ತು. ಅವಳೇನು ಕಮ್ಮಿ ಇರಲಿಲ್ಲ. ಒಂದು ದಿನ "ಮಂಜಿನಲ್ಲಿ ಬಸ್ಸು" ಬಿಡಿಸಿದ್ದೇನೆ ಅಂದಳು. ಬಸ್ಸು ಹೇಗಿದೆ ಎಂದು ಕೇಳಿದೆ. ಮಂಜು ಜಾಸ್ತಿ ಇದ್ದುದರಿಂದ ಬಸ್ಸು ಕಾಣುವುದಿಲ್ಲವಂತೆ.

ಒಂಬತ್ತನೆಯ ದಿನ ನಾನು ಬಿಟ್ಟೇಬಿಡುವವಳಿದ್ದೆ. ಜಗಲಿಯಲ್ಲಿ ಮಲಗಿದ್ದ ಬೆಕ್ಕನ್ನು ಬಿಡಿಸಲು ಕೂತಿದ್ದೆ. ಮುಖ ಮುಗಿಯುವಷ್ಟರಲ್ಲಿ ಅದು ಎದ್ದು, ಮೈ ಮುರಿದು, ನನಗೆ ಬೆನ್ನು ಹಾಕಿ ಮಲಗಿತು. ನಾನು ಕಂಡದ್ದನ್ನೇ ಬಿಡಿಸುವವಳು. ಹಾಳೆಯ ಮೇಲೆ ಮುಂದೆ ಬೆಕ್ಕಿನ ಮುಖ, ಅದರ ಪಕ್ಕದಲ್ಲೇ ಬೆಕ್ಕಿನ ಹಿಂಭಾಗ. ನೋಡಿ ನನಗೇ ನಾಚಿಕೆಯಾಯಿತು. ಅರವತ್ತೆಂಟನೇ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದು ಪುಸ್ತಕ ಮುಚ್ಚಿದೆ. ಆದರೆ ಸಂಜೆ ಏಳಕ್ಕೆ ಫೋನು ಬರುತ್ತದೆ. ಮಂಚದ ಕೆಳಗಿನ ಆ ಕಣ್ಣು ನೆನಪಾಯಿತು. ಪುಸ್ತಕ ತೆರೆದು ಬಾಲ ಹಾಕಿದೆ.

ಆಮೇಲೆ ಒಂದು ಉಪಾಯ ಕಂಡುಕೊಂಡೆ. ಮುಗಿದ ಚಿತ್ರ ನೋಡಿ ಚೆನ್ನಾಗಿದೆಯಾ ಎಂದು ಕೇಳಿಕೊಳ್ಳುವುದನ್ನು ನಿಲ್ಲಿಸಿದೆ. ಆಯಿತಾ ಎಂದಷ್ಟೇ ಕೇಳಿಕೊಂಡೆ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಬೇರೆ ಯಾರೋ. ಎರಡನೆಯದಕ್ಕೆ ನಾನೇ ಸಾಕು. ನಿಮಗೆ ಯಾವುದಾದರೂ ಕೆಲಸ ಕೈಗೆ ಹತ್ತದೆ ಬೇಸರ ಬಂದರೆ ಹೀಗೆ ಮಾಡಿ ನೋಡಿ. ಇನ್ನೊಂದು, ಬಿಡಿಸುವುದಕ್ಕಿಂತ ನೋಡುವುದೇ ಮಜಾ ಇರುತ್ತದೆ. ನಮ್ಮ ಹಿತ್ತಿಲ ಬಾಗಿಲ ಚಿಲಕವನ್ನು ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ಹತ್ತು ಸಲ ಹಾಕಿ ತೆಗೆದಿದ್ದೇನೆ. ಬಿಡಿಸಲು ಕೂತಾಗ ಅದರ ಹಿಡಿಯಲ್ಲಿ ಒಂದು ಪುಟ್ಟ ಗಿಳಿಯ ಮೂತಿ ಇದೆ ಎಂದು ಗೊತ್ತಾಯಿತು. ಮಗನನ್ನು ಕರೆದು ತೋರಿಸಿದೆ. "ಅದು ತುಕ್ಕು ಅವ್ವ," ಅಂದ.

ಈ ನಡುವೆ ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಸೊಸೆ ದಿನದಿಂದ ದಿನಕ್ಕೆ ಒಳ್ಳೆಯವಳಾಗುತ್ತಿದ್ದಳು. ಮೊದಲೇನೂ ಕೆಟ್ಟವಳಲ್ಲ, ಅವಸರದವಳು ಅಷ್ಟೇ. ಈಗ ಸಾರಿಗೆ ಉಪ್ಪು ಸರಿಯಾಗಿ ಬೀಳುತ್ತಿತ್ತು. "ಅತ್ತೆ, ಕಾಲಿಗೆ ಬಿಸಿನೀರು ಕಾಯಿಸ್ಲಾ?" ಅನ್ನುತ್ತಿದ್ದಳು. ಟೀವಿಯ ಸದ್ದು ತಾನಾಗಿ ಕಡಿಮೆ ಮಾಡುತ್ತಿದ್ದಳು. ಚಿತ್ರ ಬಿಡಿಸುವುದರಿಂದ ನನ್ನ ಮುಖದಲ್ಲಿ ಏನೋ ಕಳೆ ಬಂದಿರಬೇಕು, ಅದಕ್ಕೇ ಹೀಗೆ ಎಂದುಕೊಂಡಿದ್ದೆ.

ಇಪ್ಪತ್ತಮೂರನೆಯ ದಿನ ಕುರಿಗೆ ಕೈ ಹಾಕಿದೆ.

ಸುಲಭ ಎಂದುಕೊಂಡಿದ್ದೆ. ಕುರಿಯ ನಡುವೆಯೇ ಬದುಕಿದವಳು. ಹೊಸದಾಗಿ ಮರಿ ಹಾಕಿದ್ದ ಕರೀ ಕುರಿ ಹಟ್ಟಿಯ ಬಾಗಿಲಲ್ಲಿ ಮೆಲುಕು ಹಾಕುತ್ತಾ ನಿಂತಿತ್ತು, ಬೆಕ್ಕಿನ ಹಾಗೆ ಅಲ್ಲಾಡುತ್ತಿರಲಿಲ್ಲ. ಮುಖ ಬಂತು. ಕುತ್ತಿಗೆ, ಬೆನ್ನು, ಹೊಟ್ಟೆ ಬಂತು. ಮುಂದಿನ ಕಾಲೂ ಹೇಗೋ ಬಂತು. ಹಿಂದಿನ ಕಾಲು ಮಾತ್ರ ಬರಲೊಲ್ಲದು. ಬಿಡಿಸಿದೆ, ಅಳಿಸಿದೆ, ಬಿಡಿಸಿದೆ, ಅಳಿಸಿದೆ. ಉಜ್ಜಿ ಉಜ್ಜಿ ಕುರಿಯ ಹೊಟ್ಟೆಯ ಹತ್ತಿರ ಹಾಳೆ ತೂತಾಯಿತು. ಸಿಟ್ಟಿನಿಂದ ಕಾಲಿನ ಗೆರೆ ಎಳೆದರೆ ಪೆನ್ಸಿಲ್ಲಿನ ಮೊನೆ ಪಟ್ಟೆಂದು ಮುರಿಯಿತು. ಸರಿಯಾಗಿ ಆಗ ಫೋನು ಬಂತು.

ಜಡೆಯಿಂದ ನನ್ನ ನಾದಿನಿ, ಅಂದರೆ ನಿಮ್ಮಜ್ಜನ ತಂಗಿ.

"ಎಂತ ಮಾಡ್ತಿದೀಯೇ ಅತ್ತಿಗೆ?"

ಅಕ್ಕಿ ಆರಿಸುತ್ತಿದ್ದೇನೆ ಅನ್ನಬಹುದಿತ್ತು. ಗಾಬರಿಯಲ್ಲಿ ನಿಜವೇ ಬಾಯಿಗೆ ಬಂತು.

"ಕುರಿ ಬಿಡಿಸ್ತಿದೀನಿ."

"ಬಿಡಿಸ್ತಿದೀಯಾ? ಎಲ್ಲಿಂದ?"

ಎಲ್ಲಿಂದ ಶುರು ಮಾಡಿದೆ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. "ಮುಖದ ಕಡೆಯಿಂದ. ಮುಖ, ಕುತ್ತಿಗೆ ಎಲ್ಲ ಆತು. ಹಿಂದಿನ ಕಾಲೇ ಬರ್ತಾ ಇಲ್ಲ."

"ಹಿಂದಿನ ಕಾಲು ಸಿಕ್ಕಿಹಾಕ್ಕಂಡೈತಾ?"

"ಅಲ್ಲೇ ಸಿಕ್ಕಿಹಾಕ್ಕಂಡಿರದು ನೋಡು. ನಾಕು ಸಲ ಅಳಿಸ್ದೆ."

"ಯಾವ ಕುರೀನೇ?"

"ಕರೇದು. ಮರಿ ಹಾಕಿದ್ದು."

"ಬಾಣಂತಿ ಕುರೀನ ಅಳಿಸ್ತಾರೇನೇ ಯಾರಾದ್ರೂ?"

"ಅಳಿಸ್ದೆ ಇನ್ನೇನು ಮಾಡ್ಲಿ? ಅಳಿಸಿ ಅಳಿಸಿ ತೂತೇ ಬಿತ್ತು."

"ತೂತಾ? ಎಲ್ಲಿ?"

"ಹೊಟ್ಟೆ ಹತ್ರ. ಕಡೀಗೆ ಕಾಲು ಎಳಿಯೋವಾಗ ಪಟ್ ಅಂತ ಮುರೀತು."

ನಾದಿನಿ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಈಗ ಎಂತ ಮಾಡ್ತಿದೀಯಾ?"

"ಬ್ಲೇಡ್ ಹುಡುಕ್ತಿದೀನಿ. ಕೆತ್ತಬೇಕು."

"ಎಂತನೂ ಕೆತ್ತಬ್ಯಾಡ. ಬ್ಲೇಡ್ ಮುಟ್ಟಬ್ಯಾಡ. ಅಲ್ಲೇ ಕೂತ್ಕ. ನಾವು ಬಂದ್ವಿ."

ಫೋನು ಇಟ್ಟಳು. ಒಂದು ಪೆನ್ಸಿಲ್ಲು ಕೆತ್ತಿಕೊಡಲು ಜಡೆಯಿಂದ ಬರುತ್ತಾರಲ್ಲ, ಎಷ್ಟು ಅಂತಃಕರಣದವರು ಎಂದು ನನ್ನ ಕಣ್ಣು ತೇವವಾಯಿತು. ಅದು ಅಳುವ ಲೆಕ್ಕಕ್ಕೆ ಬರುವುದಿಲ್ಲ.

ನಾದಿನಿಯ ಕಿವಿ ಚುರುಕಾಗಿದೆ. ತಪ್ಪು ಅವಳದಲ್ಲ, ನನ್ನದೂ ಅಲ್ಲ, ಆ ಮಾತಿನದು. ಅವರೆಕಾಯಿ ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಮಗುವಿಗೆ ಮೊಲೆಹಾಲು ಬಿಡಿಸುತ್ತೇವೆ. ಹಿಂದೆ ಯಾರದೋ ಗದ್ದೆಗೆ ಬಾಯಿ ಹಾಕಿದ ದನ ಕುರಿಗಳನ್ನು ಹಿಡಿದು ಊರ ದೊಡ್ಡಿಯಲ್ಲಿ ಕಟ್ಟುತ್ತಿದ್ದರು, ದಂಡ ಕೊಟ್ಟು ಅವನ್ನೂ ಬಿಡಿಸಿಕೊಂಡು ಬರುತ್ತಿದ್ದೆವು. ಚಿತ್ರವನ್ನೂ ಬಿಡಿಸುತ್ತೇವೆ. ಇಷ್ಟು ಕೆಲಸಕ್ಕೆ ಒಂದೇ ಮಾತು ಸಾಕು ಎಂದು ಇಟ್ಟವರಿಗೆ ನಾದಿನಿ ಇರಲಿಲ್ಲವೆಂದು ಕಾಣುತ್ತದೆ.

ಅವಳು ಮೊದಲು ಮಾಡಿದ ಕೆಲಸ ಸೊರಬಕ್ಕೆ ಹೋಗಿದ್ದ ನನ್ನ ಮಗನಿಗೆ ಫೋನು ಮಾಡಿದ್ದು. ಇದನ್ನು ಅವನೇ ಆಮೇಲೆ ಹೇಳಿದ.

"ನಿಮ್ ಕುರೀನ ಯಾರೋ ದೊಡ್ಡಿಗೆ ಹಾಕಿದಾರಂತೆ. ನಿಮ್ಮವ್ವ ಒಬ್ಬಳೇ ಬಿಡಿಸಾಕೆ ಹೋಗಿ ಒದ್ದಾಡ್ತಿದಾಳೆ. ಕಾಲು ಮುರಿದೈತೆ, ಹೊಟ್ಟೆ ತೂತಾಗೈತೆ."

"ಅವ್ವಂದಾ?"

"ಕುರೀದೋ. ನಿಮ್ಮವ್ವ ಅಳ್ತಿದಾಳೆ."

ಮಗ ಬೈಕು ತಿರುಗಿಸಿ ನೇರವಾಗಿ ಪಂಚಾಯ್ತಿ ಆಫೀಸಿಗೆ ಹೋಗಿದ್ದಾನೆ. ಅಲ್ಲಿ ಕೂತಿದ್ದ ಬಿಲ್ ಕಲೆಕ್ಟರನ್ನು, "ಯಾರನ್ನ ಕೇಳಿ ನಮ್ ಕುರಿ ದೊಡ್ಡಿಗೆ ಹಾಕಿದ್ರಿ?" ಎಂದು ಕೇಳಿದ್ದಾನೆ.

"ಯಾವ ದೊಡ್ಡಿನೋ ಮಾರಾಯ? ದೊಡ್ಡಿ ಬಿದ್ದು ಎಷ್ಟೋ ವರ್ಷ ಆತು. ಅಲ್ಲೀಗ ಅಂಗನವಾಡಿ ಐತೆ."

"ಹಂಗಾದ್ರೆ ಅಂಗನವಾಡಿಯಾಗೆ ಕಟ್ಟಿದೀರಾ?"

ಇಬ್ಬರೂ ಅಂಗನವಾಡಿಗೆ ಹೋಗಿ ನೋಡಿದರಂತೆ. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವಂತೆ.

ಇತ್ತ ನಮ್ಮ ಅಂಗಳಕ್ಕೆ ನಾದಿನಿ ಮತ್ತು ಅವಳ ಗಂಡ ಬೈಕಿನಲ್ಲಿ ಬಂದಿಳಿದರು. ಅವರ ಕೈಯಲ್ಲಿ ಬಿದಿರಿನ ದಬ್ಬೆ, ಹರಿದ ಪಂಚೆ, ಮುರಿದ ಮೂಳೆಗೆ ಅರೆದು ಹಚ್ಚುವ ಮಂಗರವಳ್ಳಿಯ ಒಂದು ಹೊರೆ. ನಾನು ಪುಸ್ತಕವನ್ನು ಅಕ್ಕಿಯಲ್ಲಿ ಹೂತು, ಏನೂ ಗೊತ್ತಿಲ್ಲದವಳ ಹಾಗೆ ನಿಂತಿದ್ದೆ. ಇಷ್ಟೆಲ್ಲ ಪೆನ್ಸಿಲ್ಲಿಗೆ ಯಾಕೆ ಎಂದು ಮಾತ್ರ ತಿಳಿಯಲಿಲ್ಲ.

ಅವರು ನನ್ನ ಕಡೆ ನೋಡಲೂ ಇಲ್ಲ. ನೇರ ಹಟ್ಟಿಗೆ ನುಗ್ಗಿ ಕರೀ ಕುರಿಯನ್ನು ಕೆಡವಿ ಕಾಲು ಹಿಸುಕಿ ನೋಡಿದರು. ಅದು ನಾದಿನಿಯ ಗಂಡನಿಗೆ ಒದೆಯಿತು. "ಒದೆಯೋ ಕಾಲು ಮುರಿದಿಲ್ಲ, ಇದಲ್ಲ," ಅಂದರು ಅವರು. ಮುಂದಿನದನ್ನು ಹಿಡಿದರು. ಅಷ್ಟರಲ್ಲಿ ಮಗ ಬಂದ, ಹೊಲಿಗೆ ಮುಗಿಸಿ ಸೊಸೆ ಬಂದಳು, ಅವರೂ ಸೇರಿಕೊಂಡರು. ಹನ್ನೊಂದು ಕುರಿಯ ನಲವತ್ನಾಲ್ಕು ಕಾಲು ನೋಡಿದರು, ಮರಿಯದ್ದೂ ನೋಡಿದರು. ಎಲ್ಲ ಕಾಲುಗಳೂ ನೆಟ್ಟಗಿದ್ದವು. ಹೊಟ್ಟೆಯಲ್ಲಿ ತೂತೂ ಇರಲಿಲ್ಲ. ನನಗೆ ಆಗ ಮೆಲ್ಲಗೆ ಎಲ್ಲ ಅರ್ಥವಾಗುತ್ತಾ ಬಂತು.

ನಾದಿನಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಮುಂದೆ ನಿಂತಳು. "ಅತ್ತಿಗೆ, ಆ ಮುರಿದ ಕಾಲು ಎಲ್ಲೈತೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಸ್ವರ ನನಗೇ ಕೇಳಿಸಲಿಲ್ಲ.

"ಅಕ್ಕಿ ಡ್ರಮ್ಮಿನಾಗೆ."

ಮಗ ಮಾವನ, ಅಂದರೆ ನಾದಿನಿಯ ಗಂಡನ, ಮುಖ ನೋಡಿದ. ಸೊಸೆ ಮಾತ್ರ ಸರಸರ ಒಳಗೆ ಹೋಗಿ ಡ್ರಮ್ಮಿಗೆ ಕೈ ಹಾಕಿ ಪುಸ್ತಕ ತಂದಳು. ಅದು ಎಷ್ಟು ಆಳದಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲೇ ನಿಂತು ತೆರೆದಳು. ಚೊಂಬು, ಸೌಟು, ಮೊಟ್ಟೆ. ಅವಳ ಮುಖ ಅರಳಿತು.

"ಅತ್ತೆ, ಇದು ಚಿತ್ರಾನಾ? ನೀವು ದಿನಾ ನನ್ ಮೇಲೆ ಏನೋ ಬರೆದಿಡ್ತಿದೀರಿ ಅಂತ ಮಾಡಿದ್ದೆ. ಅವತ್ತೊಂದಿನ ನೀವು ಹೂತಿಡೋದು ಕಿಟಕಿಯಿಂದ ನೋಡ್ದೆ. ತೆಗೆದು ಓದಕ್ಕೆ ಧೈರ್ಯ ಆಗ್ಲಿಲ್ಲ."

ಇಪ್ಪತ್ತು ದಿನ ಸಾರಿಗೆ ಉಪ್ಪು ಸರಿಯಾಗಿದ್ದ ಗುಟ್ಟು ಹೀಗೆ ಬಯಲಾಯಿತು. ಮಾರನೆಯ ದಿನದಿಂದ ಅದು ಮೊದಲಿನಂತೆಯೇ ಆಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಪುಸ್ತಕ ಕೈಯಿಂದ ಕೈಗೆ ಹೋಯಿತು. ನಾದಿನಿ ಬೆಕ್ಕಿನ ಪುಟದಲ್ಲಿ ನಿಂತಳು. "ಇದು ಬರ್ತೈತೋ ಹೋಗ್ತೈತೋ?"

"ಎರಡೂ," ಅಂದೆ.

ಅವಳು ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು. ಮಗ ನಕ್ಕ, ಸೊಸೆ ನಕ್ಕಳು. ನಾದಿನಿಯ ಗಂಡ ಗಂಭೀರ ಮನುಷ್ಯ, ಅವರು ಚಪಾತಿಯ ಪುಟ ನೋಡಿ, "ಇದರಲ್ಲಿ ಇನ್ನೂ ಏನೂ ಬಿಡಿಸಿಲ್ಲ," ಎಂದು ಪುಟ ತಿರುವಿದರು. ಅದಕ್ಕೆ ಇನ್ನೊಂದು ಸುತ್ತು ನಗು. ನಾನು ಸೆರಗು ಮುಖಕ್ಕೆ ಹಾಕಿಕೊಂಡು ಗೋಡೆಗೆ ಒರಗಿದೆ. ನೆಲ ಬಾಯಿ ಬಿಡಲಿ ಎಂದು ಕೇಳಿಕೊಂಡೆ. ನಮ್ಮ ಜಗಲಿಗೆ ಹೋದ ವರ್ಷ ತಾನೇ ಟೈಲ್ಸ್ ಹಾಕಿಸಿದ್ದೆವು, ಬಾಯಿ ಬಿಡಲಿಲ್ಲ. ಇನ್ನು ಜೀವ ಇರುವವರೆಗೆ ಪೆನ್ಸಿಲ್ಲು ಮುಟ್ಟುವುದಿಲ್ಲ ಎಂದು ಒಳಗೇ ಆಣೆ ಮಾಡಿದೆ.

ಆಗ ಗೋಡೆಯ ಗಡಿಯಾರ ಕಂಡಿತು. ಆರು ದಾಟಿತ್ತು.

ಕುರಿಗೆ ಹಿಂದಿನ ಕಾಲಿರಲಿಲ್ಲ. ಅರ್ಧ ಬಿಡಿಸಿದರೆ ಬಿಡಿಸದ ಹಾಗೆಯೇ. ಏಳಕ್ಕೆ ಫೋನು ಬರುತ್ತದೆ. ಸುಳ್ಳು ಹೇಳಬಹುದಿತ್ತು, ಅವಳಿಗೇನು ಕಾಣುತ್ತದೆಯೇ. ಮುಗಿಸಿದೆ ಅಂದರೆ ಮುಗಿಯಿತು. ಆದರೆ ಮಂಚದ ಕೆಳಗಿದ್ದವಳನ್ನು ಹೊರಗೆ ಕರೆದು ನಾನು ಅದೇ ಮಂಚದ ಕೆಳಗೆ ಹೋಗಿ ಕೂತಂತೆ ಆಗುತ್ತಿತ್ತು. ನಿಜ ಹೇಳಿದರೆ ಅವಳು ಬಿಡುತ್ತಾಳೆ. ಮಾತಿಗೆ ನಿಲ್ಲುವ ಹುಡುಗಿ, ನೀವೇ ನೋಡಿದ್ದೀರಿ. ಒಳಗೆ ಹೋಗಿ ಕದ್ದು ಮುಗಿಸೋಣ ಅಂದರೆ ನಾದಿನಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು.

ಸೆರಗು ತೆಗೆದೆ. "ಪುಸ್ತಕ ಕೊಡ್ರಿ ಇಲ್ಲಿ. ಏಳರ ಒಳಗೆ ಕುರಿ ಮುಗಿಸ್ಬೇಕು."

ಯಾಕೆ ಎಂದು ಕೇಳಿದರು. ಹೇಳಿದೆ, ಮಂಚದ ಕೆಳಗಿನಿಂದ ಮಂಡಲದವರೆಗೆ. ನಾಲ್ಕು ಜನರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಮಧ್ಯೆ ಯಾರೂ ಬಾಯಿ ಹಾಕಲಿಲ್ಲ. ನಾದಿನಿಯ ಗಂಡ ಬಿದಿರಿನ ದಬ್ಬೆಯನ್ನು ಪಕ್ಕಕ್ಕಿಟ್ಟು, "ಹಂಗಾದ್ರೆ ಕಾಲು ಯಾವ ಕಡೆ ಮಡಚುತ್ತೆ ಅನ್ನೋದು ಮೊದಲು ತೀರ್ಮಾನ ಆಗ್ಬೇಕಲ್ಲ ಅಕ್ಕಾರೆ," ಅಂದರು.

ಅಲ್ಲಿಗೆ ಜಗಳ ಹತ್ತಿತು. ಮುಂದಕ್ಕೆ ಮಡಚುತ್ತದೆ, ನಮ್ಮ ಮಂಡಿಯ ಹಾಗೆ ಎಂದು ಮಗ. ಹಿಂದಕ್ಕೆ ಎಂದು ಅವನ ಮಾವ. ಕುರಿ ಕಾಲು ಮಡಚುವುದೇ ಇಲ್ಲ, ಹಾಗೇ ಕುಸಿದು ಕೂರುತ್ತದೆ ಎಂದು ನಾದಿನಿ. ಎಲ್ಲರೂ ಕುರಿಯ ಜೊತೆ ಹುಟ್ಟಿ ಬೆಳೆದವರು. ಅರ್ಧ ಗಂಟೆ ಮುಂಚೆ ನಲವತ್ನಾಲ್ಕು ಕಾಲು ಹಿಸುಕಿ ನೋಡಿದವರು. ಒಬ್ಬರಿಗೂ ಗೊತ್ತಿರಲಿಲ್ಲ. ನಾದಿನಿಯ ಗಂಡ ತಮ್ಮ ವಾದ ಸಾಧಿಸಲು ಜಗಲಿಯ ಮೇಲೆ ನಾಲ್ಕು ಕಾಲಿನಲ್ಲಿ ನಿಂತು ತೋರಿಸಿದರು. ಕುರಿಯನ್ನು ತಂದು ಅವರ ಪಕ್ಕದಲ್ಲಿ ನಿಲ್ಲಿಸಿದರು. ಕುರಿ ಅವರನ್ನು ಒಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

"ಮುಂದಿನ ಕಾಲು ಒಂಥರ, ಹಿಂದಿನ ಕಾಲು ಇನ್ನೊಂಥರ," ಅಂದಳು ಸೊಸೆ. "ನೋಡ್ರಿ, ಹಿಂದಿನದರ ಗಂಟು ಬಾಲದ ಕಡೆ ಚಾಚೈತೆ."

ನೋಡಿದರೆ ಹೌದು. ಹೊಲಿಗೆ ಕಲಿಯುವವರಿಗೆ ಗೆರೆ ಎಲ್ಲಿ ತಿರುಗುತ್ತದೆ ಎಂದು ಕಾಣುತ್ತದೆಯೋ ಏನೋ.

ನಾನು ಕೂತು ಗೆರೆ ಹಾಕಿದೆ. ಮುರಿದ ಪೆನ್ಸಿಲ್ಲನ್ನು ನಾದಿನಿಯೇ ಕೆತ್ತಿಕೊಟ್ಟಿದ್ದಳು. ಮಗ ಕುರಿಯ ತಲೆ ಹಿಡಿದಿದ್ದ. ನಾದಿನಿ ನನ್ನ ಹೆಗಲ ಮೇಲೆ ಗದ್ದ ಇಟ್ಟುಕೊಂಡಿದ್ದಳು.

"ತೊಡೆ ದಪ್ಪ ಆತು."

"ನಿನ್ನ ನೋಡ್ಕಂಡು ಬಿಡಿಸ್ತಿಲ್ಲ, ಸುಮ್ನಿರು," ಅಂದೆ.

ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ನಕ್ಕು ನಕ್ಕು ನೀರು ಕುಡಿಸಬೇಕಾಯಿತು. ಅವಳ ಗಂಡ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿ, "ಅಕ್ಕಾರೆ, ಬೇಜಾರು ಮಾಡ್ಕಬ್ಯಾಡ್ರಿ, ಇದು ಕಾಲು ಬಂದ ಗೋಣಿಚೀಲ," ಅಂದರು. ಮತ್ತೆ ಎಲ್ಲರೂ ನಕ್ಕರು. ನಾನು ಆಗ ಕಾಲಿನ ಗೆರೆಯ ನಡುವಿನಲ್ಲಿದ್ದೆ. ಅಲ್ಲಿ ಪೆನ್ಸಿಲ್ಲು ಎತ್ತಿದರೆ ಗಂಟಿನ ತಿರುವು ತಪ್ಪುತ್ತಿತ್ತು. ಹಾಗಾಗಿ ಅವರು ನಗುತ್ತಿರುವಾಗಲೇ ಗೊರಸಿನ ತನಕ ಇಳಿಸಿದೆ. ಇಳಿಸಿ ಮುಗಿದ ಮೇಲೆ ನೋಡಿದರೆ ಅವರ ನಗುವೂ ಮುಗಿದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಹೊಟ್ಟೆಯ ತೂತಿಗೆ ಸೊಸೆ ಹಿಂದಿನಿಂದ ಒಂದು ಚೂರು ಕಾಗದವನ್ನು ಅನ್ನದ ಅಗುಳಿನಿಂದ ಅಂಟಿಸಿದಳು.

ಏಳಕ್ಕೆ ಫೋನು ಬಂತು.

"ಅಜ್ಜಿ, ಏನ್ ಬಿಡಿಸಿದೆ?"

"ಕುರಿ."

"ಪೂರ್ತಿನಾ?"

"ಪೂರ್ತಿ. ಹೊಟ್ಟೆಗೆ ತೇಪೆನೂ ಹಾಕಿದ್ವಿ."

"ಹಾಕಿದ್ವಿ ಅಂದ್ರೆ? ಯಾರ್ಯಾರು?"

ಹೇಳಿದೆ. ಎಲ್ಲರೂ ನೋಡಿದರು ಅಂದೆ. ಕುರಿ ಮಾತ್ರವಲ್ಲ, ಮೊದಲ ಪುಟದಿಂದ ಕೊನೆಯ ಪುಟದವರೆಗೆ.

ಅವಳು ಸಣ್ಣ ಸ್ವರದಲ್ಲಿ, "ನಕ್ರಾ?" ಅಂದಳು.

"ನಕ್ರು."

"ತುಂಬಾನಾ?"

"ನಿಮ್ ಜಡೆ ಅಜ್ಜಿಗೆ ನೀರು ಕುಡಿಸ್ಬೇಕಾತು."

"ನೀ ಏನ್ ಮಾಡ್ದೆ?"

"ಕಾಲು ಬಿಡಿಸ್ತಿದ್ದೆ. ಮುಗಿಸ್ದೆ."

"ಯಾರೂ ನೋಡಬಾರ್ದು ಅಂತ ಇತ್ತಲ್ಲ ಅಜ್ಜಿ. ರೂಲ್ಸ್ ಮುರೀತು."

"ಅದು ನನ್ ರೂಲ್ಸು. ನಾನೇ ತೆಗೆದುಹಾಕಿದೀನಿ. ನಿಂದು ನಿಂಗೆ ಬಿಟ್ಟಿದ್ದು."

ಹಾಗೆ ಅಂದುಬಿಟ್ಟೆನೇ ಹೊರತು ಒಳಗೆ ಧೈರ್ಯ ಇರಲಿಲ್ಲ. ಮುರಿದ ಮೇಲೆ ಮುಗಿಯಿತು, ನಾನೂ ಬಿಟ್ಟೆ ಅನ್ನುತ್ತಾಳೆ ಎಂದು ಕಾಯುತ್ತಿದ್ದೆ. ಬದಲಿಗೆ ಫೋನನ್ನು ಎಲ್ಲೋ ಕುಕ್ಕಿದ ಸದ್ದು ಕೇಳಿತು. ಆಮೇಲೆ ಓಡುವ ಸದ್ದು. ಆಮೇಲೆ ದೂರದಲ್ಲಿ ನನ್ನ ಮಗಳ ದನಿ.

"ಇದೇನೇ ಇದು?"

"ಅಪ್ಪ."

"ಯಾರ ಅಪ್ಪ?"

"ನಮ್ಮಪ್ಪ."

ನನ್ನ ಮಗಳ ನಗು ನಿಮಗೆ ಗೊತ್ತಲ್ಲ, ಮೊಟ್ಟೆ ಇಟ್ಟ ಕೋಳಿಯ ಹಾಗೆ ಊರಿಗೆಲ್ಲ ಕೇಳುವಂಥದ್ದು. ಅದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ನಾದಿನಿ ನನ್ನ ಕಿವಿಯ ಪಕ್ಕ ಕಿವಿ ತಂದು, "ಎಂತಂತೆ, ಎಂತಂತೆ?" ಅನ್ನುತ್ತಿದ್ದಳು. ನಾನು ಅವಳನ್ನು ದೂಡಿದೆ.

ಮೊಮ್ಮಗಳು ಫೋನು ಎತ್ತಿಕೊಂಡಳು. "ಅಮ್ಮ ನಗ್ತಿದಾಳೆ ಅಜ್ಜಿ."

"ಕೇಳಿಸ್ತಾ ಐತೆ. ನೀ ಏನ್ ಮಾಡ್ತಿದೀಯಾ?"

"ಮೀಸೆ ಒಂದು ಕಡೆ ಬಾಕಿ ಇದೆ," ಅಂದಳು. "ಫೋನ್ ಇಡ್ಲಾ?"

"ಇಡು," ಅಂದೆ.